ಕಾಳಪ್ಪ ಮಾಮಾ ನಮ್ಮ ಜೀಪು ಬಿಚ್ಚಿದ ಮೂರು ದಿನ

ಹೋದ ತಿಂಗಳು ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾಯ್ದು ಹೋಗುವಾಗ ಒಂದು ಗ್ಯಾರೇಜಿನ ಮುಂದೆ ಯಾರೋ ಗಾಡಿಯ ಹಳೆಯ ಗೇರ್ ಎಣ್ಣೆಯನ್ನು ತಗಡಿನ ಡಬ್ಬಿಗೆ ಇಳಿಸುತ್ತಿದ್ದರು. ಕೊಳೆತ ಉಳ್ಳಾಗಡ್ಡಿಗೆ ಗಂಧಕ ಬೆರೆಸಿದಂಥ ವಾಸನೆ ಅದು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಿಂತಲ್ಲಿಯೇ ದೇವರ ಹಿಪ್ಪರಗಿಯ ಆಚೆ ಮೂರು ಮೈಲಿ ದೂರದ ನಮ್ಮ ಮಣ್ಣಿನ ಮಾಳಿಗೆಯ ಮನೆ, ಅದರ ಪಡಸಾಲೆ, ಅಂಗಳದ ಬೇವಿನ ಮರ, ಮರದ ಕೆಳಗೆ ಹಿಂಭಾಗ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿದ ಜೀಪು ಎಲ್ಲ ಕಣ್ಣ ಮುಂದೆ ಬಂದವು. ಆ ಮನೆ ಈಗಿಲ್ಲ. ಮಾಳಿಗೆ ಕುಸಿದು ಎಷ್ಟೋ ಮಳೆಗಾಲಗಳಾದವು. ನಿಮಗೂ ಇಂಥ ಒಂದು ಮನೆ ಇದ್ದಿರಬೇಕು. ಅದು ಹೇಗೆ ಹಾಳಾಯಿತೆಂದು ಕೇಳಿದರೆ ನೀವು ಮಳೆಯ ಹೆಸರು ಹೇಳಬಹುದು. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನನ್ನ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಸಿದ್ದು ಕಾಕಾ ಮತ್ತು ನಾನು. ಅಪ್ಪ ಒಳ್ಳೆಯ ಮನುಷ್ಯ, ಆದರೆ ಅವನ ಕಣ್ಣಿಗೆ ಯಾವುದೂ ಇಟ್ಟಲ್ಲಿ ಇಟ್ಟ ಹಾಗೆ ಕಾಣುತ್ತಿರಲಿಲ್ಲ. ಎಣ್ಣೆಯ ಡಬ್ಬಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದ. ತೊಗರಿಯ ಚೀಲದ ಬಾಯಿಯನ್ನು ತಾನೇ ಒಂದು ನಮೂನೆ ಗಂಟು ಹಾಕಿ, ಮರುದಿನ ಗಂಟು ಅದೇ ಇದೆಯೋ ಎಂದು ನೋಡುತ್ತಿದ್ದ. ಇಷ್ಟೆಲ್ಲ ಸಂಶಯದ ನಡುವೆಯೂ ಅವನು ಕಣ್ಣು ಮುಚ್ಚಿ ನಂಬುತ್ತಿದ್ದವನು ಒಬ್ಬನೇ, ಸಿಂದಗಿಯ ಕಾಳಪ್ಪ ಮಿಸ್ತ್ರಿ. ಇಬ್ಬರೂ ಒಂದೇ ಸಾಲಿಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಕಲಿತವರು. ಆಲಮಟ್ಟಿ ಕಡೆಯ ಗುತ್ತಿಗೆದಾರನೊಬ್ಬನಿಂದ ಹಳೆಯ ಜೀಪು ಕೊಳ್ಳುವಾಗಲೂ ಅಪ್ಪ ಕಾಳಪ್ಪನನ್ನೇ ಕರೆದುಕೊಂಡು ಹೋಗಿದ್ದ. ನಾನು ಅವನಿಗೆ ಕಾಳಪ್ಪ ಮಾಮಾ ಎನ್ನುತ್ತಿದ್ದೆ. ಅವನು ಬಂದರೆ ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಕೆಂಪು ಮೆಣಸಿನಕಾಯಿಯ ಹಿಂಡಿ ಹಾಕಿ ಕೊಡುತ್ತಿದ್ದಳು. ಅವನು ಬೆರಳ ಸಂದಿಯ ಕಪ್ಪು ಹೋಗುವ ತನಕ ಬೂದಿಯಲ್ಲಿ ಕೈ ತಿಕ್ಕಿ, ಆಮೇಲೆಯೇ ತಾಟಿಗೆ ಕೈ ಹಾಕುತ್ತಿದ್ದ.

ನಾನು ನಾಲ್ಕನೆಯ ಇಯತ್ತೆ ಕಲಿಯುತ್ತಿದ್ದ ವರ್ಷ ಜೀಪಿನ ಹಿಂಭಾಗದಿಂದ ಎಣ್ಣೆ ಜಿನುಗತೊಡಗಿತು. ಹಿಂದಿನ ಎರಡು ಗಾಲಿಗಳ ನಡುವೆ ಗಡಿಗೆಯಂಥ ಒಂದು ಕಬ್ಬಿಣದ ಗುಂಡು ಇರುತ್ತದೆ. ಅದೇ ಡಿಫರೆನ್ಶಿಯಲ್. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಚಕ್ರ. ಕಾಳಪ್ಪ ಮಾಮಾ ಜೀಪನ್ನು ಎರಡು ದಿನ ಸಿಂದಗಿಯಲ್ಲಿ ಇಟ್ಟುಕೊಂಡು ಹೊಸ ಸೀಲು ಹಾಕಿ ಕಳಿಸಿದ. ಎಣ್ಣೆ ನಿಂತಿತು.

ಅದಾಗಿ ಹದಿನೈದು ದಿನಕ್ಕೆ ಸಿದ್ದು ಕಾಕಾ ನನ್ನನ್ನು ಮುದ್ದೇಬಿಹಾಳದಲ್ಲಿದ್ದ ಅವ್ವನ ತಂಗಿ, ನನ್ನ ಮೌಶಿಯ ಮನೆಯಿಂದ ಕರೆತರಲು ಬಂದ. ಹಿಂದಿರುಗುವಾಗ ಬಸವನ ಬಾಗೇವಾಡಿ ಇನ್ನೂ ದೂರವಿದ್ದಾಗ ಕಬ್ಬು ತುಂಬಿದ ಒಂದು ಟ್ರಾಲಿ ಕರಿಮಣ್ಣಿನಲ್ಲಿ ಹೂತು ದಾರಿಗೆ ಅಡ್ಡ ನಿಂತಿತ್ತು. ಕಾಕಾ ಹುಮ್ಮಸ್ಸಿನ ಆಳು. ಯಾರೂ ಕೇಳುವ ಮೊದಲೇ ಇಳಿದು ಸರಪಳಿ ಕಟ್ಟಿದ, ಜೀಪು ಜಗ್ಗಿಸಿದ. ಟ್ರಾಲಿ ಒಂದು ಮಾರು ಸರಿಯಿತು. ಅಷ್ಟರಲ್ಲಿ ನಾನು ಕುಳಿತ ಸೀಟಿನ ಕೆಳಗೆ ಎಲುಬು ಮುರಿದಂಥ ಸಪ್ಪಳ. ಜೀಪನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಬಾಗೇವಾಡಿಯ ಹೊರಗಿನ ಒಂದು ಗ್ಯಾರೇಜಿಗೆ ಎಳೆದುಕೊಂಡು ಹೋದರು. ಪಿನಿಯನ್ನಿನ ಎರಡು ಹಲ್ಲು ಮುರಿದಿದ್ದವು. ಅಲ್ಲಿಯವನು ಹಿತ್ತಲಲ್ಲಿ ಬಿದ್ದ ಯಾವುದೋ ಮುರುಕು ಜೀಪಿನ ಪಿನಿಯನ್ ಕಿತ್ತು ತಂದು, ಉಳಿ ಸುತ್ತಿಗೆಯಿಂದ ಬಡಿದು ಕೂಡಿಸಿದ. ಕಾಕಾ ನನಗೆ ಗೋಲಿ ಸೋಡಾ ಕೊಡಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, “ಅಣ್ಣಗ ಹೇಳಬ್ಯಾಡವ್ವಾ. ಟಾಯರ್ ಪಂಕ್ಚರ್ ಆಗಿತ್ತು ಅಂತೇನಿ, ನೀನೂ ಅಷ್ಟ ಅನ್ನು” ಅಂದ. ಅವನ ಮುಖದಲ್ಲಿ ಅಂಥ ಅಂಜಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೂಂ ಅಂದೆ.

ಮರುದಿನದಿಂದಲೇ ಜೀಪು ಊಳಿಡತೊಡಗಿತು. ಓಟ ಹಿಡಿದ ಗಾಡಿಯ ವೇಗ ಇಳಿಸಿದೊಡನೆ ಹಿಂದಿನಿಂದ ಗುಂಯ್ಯೆನ್ನುವ ದನಿ ಏಳುತ್ತಿತ್ತು. ಅಪ್ಪ ಎರಡು ದಿನ ಆ ದನಿಗೆ ಕಿವಿಗೊಟ್ಟ. ಮೂರನೆಯ ದಿನ ರೊಟ್ಟಿ ಮುರಿಯುತ್ತ, ಗಾಡಿ ಸಿಂದಗಿಯಲ್ಲಿ ಎರಡು ದಿನ ಯಾಕೆ ಬೇಕಾಯಿತು, ಒಂದು ಸೀಲು ಹಾಕಲು ಎರಡು ದಿನ ಬೇಕೇ ಎಂದು ಅವ್ವನನ್ನು ಕೇಳಿದ. ಅವ್ವ ಇನ್ನೊಂದು ರೊಟ್ಟಿಯನ್ನು ತಾಟಿಗೆ ಹಾಕಿದಳು. ಒಳ್ಳೆಯ ಸಾಮಾನು ತೆಗೆದುಕೊಂಡು ಸವೆದದ್ದನ್ನು ಕೂಡಿಸಿ ಕಳಿಸುವ ಮಿಸ್ತ್ರಿಗಳ ಕತೆಗಳನ್ನು ಆಯಿ ಹೇಳಿದಳು. ಕಾಕಾ ತಾಟಿನಿಂದ ತಲೆ ಎತ್ತಲಿಲ್ಲ. ವಾರದೊಳಗೆ ಆ ಮಾತು ನಮ್ಮ ಮನೆಯಲ್ಲಿ ನಿಜವೇ ಆಗಿಹೋಗಿತ್ತು.

ಅಪ್ಪ ಹೇಳಿಕಳಿಸಿದ. ಕಾಳಪ್ಪ ಮಾಮಾ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಮುಂಜಾನೆಯ ಬಸ್ಸಿಗೆ ಬಂದ. ಯಾವಾಗಲೂ “ಬಾರೋ ಕಾಳ್ಯಾ” ಎನ್ನುತ್ತಿದ್ದ ಅಪ್ಪ ಅವತ್ತು “ಬರ್ರಿ ಮಿಸ್ತ್ರಿ” ಅಂದ. ಆ ಒಂದು ಮರ್ಯಾದೆಯ ಮಾತಿಗೆ ಮಾಮಾನ ಹೆಜ್ಜೆ ತಡೆಯಿತು. ಬೇವಿನ ಕೆಳಗೆ ಬಿಳಿ ಧೋತರ ಹಾಸಿದ್ದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರ ಮೇಲೆ ಇಡಬೇಕೆಂದು ಅಪ್ಪ ಹೇಳಿ, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಆಯಿ ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುವ ನೆವದಲ್ಲಿ ನೋಡುತ್ತಿದ್ದಳು. ಎಣ್ಣೆ ಇಳಿಯಿತು, ಹಿಂದಿನ ಮುಚ್ಚಳ ಬಂತು, ಗಾಲಿಗಳ ಉದ್ದನೆಯ ಸರಳುಗಳು ಹೊರಬಂದವು, ಕಡೆಗೆ ಕ್ರೌನು, ಪಿನಿಯನ್ನು. ಮಾಮಾ ಸೀಮೆಎಣ್ಣೆಯಲ್ಲಿ ಅವನ್ನು ತೊಳೆದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನು ಬೇಕಾದರೆ ಸುಮ್ಮನಿರಬಹುದಿತ್ತು. ಆದರೆ ಅಪ್ಪನನ್ನು ಹತ್ತಿರ ಕರೆದು, ಈ ಎರಡು ಚಕ್ರಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಇರಬೇಕು, ಇಲ್ಲಿ ಬೇರೆ ಬೇರೆ ಇದೆ ಎಂದು ತಾನೇ ತೋರಿಸಿಕೊಟ್ಟ.

“ಜೋಡಿ ಯಾರು ತಪ್ಪಿಸಿದ್ರು?” ಅಪ್ಪ ಕೇಳಿದ.

“ನಾ ಒಳಗ ಕೈ ಹಾಕಿಲ್ಲ. ಹೊರಗಿನ ಸೀಲ್ ಅಷ್ಟ ಹಾಕೇನಿ. ಈ ನಟ್ಟಿನ ಮ್ಯಾಲೆ ಉಳಿ ಏಟು ನೋಡು. ನಾ ಉಳಿ ಹಚ್ಚಾಂವ ಅಲ್ಲ.” ಆಮೇಲೆ ಎಲ್ಲರನ್ನೂ ಒಮ್ಮೆ ನೋಡಿ, “ನಡುವ ಮತ್ತೆಲ್ಲರೆ ಬಿಚ್ಚಿಸಿದ್ರೇನು?” ಅಂದ.

ಕಾಕಾ ಇಲ್ಲ ಅಂದ. ಮಾಮಾನ ಕಣ್ಣು ಅವನ ಮೇಲಿಂದ ಸರಿದು ನನ್ನ ಮೇಲೆ ನಿಂತಿತು. ನಾನು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದರುತ್ತಿದ್ದೆ. ಒಂದು ಮಾತು ನನ್ನ ಗಂಟಲ ತನಕ ಬಂದಿತ್ತು. ಕಾಕಾ ನನ್ನ ಹಿಂದೆ ನಿಂತು ಜಡೆಯ ಮೇಲೆ ಕೈ ಇಟ್ಟ. ಮಾತು ಒಳಗೆ ಹೋಯಿತು.

ಅಪ್ಪ ತಾನೇ ವಿಜಯಪುರಕ್ಕೆ ಹೋಗಿ, ನಂಬರು ತಾನೇ ಓದಿ, ಹೊಸ ಜೋಡಿ ತಂದ. ಸಂಜೆಯಾದರೆ ಎಲ್ಲ ಸಾಮಾನು ಎಣಿಸಿ ಸಂದೂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಮಾಮಾ ದಿನಾ ಸಂಜೆ ಸಿಂದಗಿಗೆ ಹೋಗಿ ಮುಂಜಾನೆ ಬರುತ್ತಿದ್ದ. ರೊಟ್ಟಿಗೆ ಕರೆದರೆ ಬುತ್ತಿ ತಂದಿದ್ದೇನೆ ಎನ್ನುತ್ತಿದ್ದ. ಆದರೆ ಕೆಲಸದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ. ಗೋಡೆಗೆ ಬಳಿಯುವ ಕೆಂಪು ಹುರಮಂಜನ್ನು ಆಯಿಯ ಹತ್ತಿರ ಕೇಳಿದ. ಎಷ್ಟು ಬೇಕು, ಯಾಕೆ ಬೇಕು ಎಂದು ನಾಲ್ಕು ಸಲ ಕೇಳಿ ಆಯಿ ಒಂದು ಚಿಟಿಕೆ ಕೊಟ್ಟಳು. ಅದನ್ನು ಎಣ್ಣೆಯಲ್ಲಿ ಕಲಸಿ ಕ್ರೌನಿನ ಹಲ್ಲುಗಳಿಗೆ ಸವರಿ ಚಕ್ರ ತಿರುಗಿಸಿದ. ಪಿನಿಯನ್ ತಾಗಿದಲ್ಲಿ ಕೆಂಪು ಅಳಿಸಿ ಕಲೆ ಬೀಳುತ್ತಿತ್ತು. ಕಲೆ ಹಲ್ಲಿನ ಅಂಚಿಗೆ ಬಿದ್ದರೆ ಎಲ್ಲ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ತಗಡಿನ ಬಿಲ್ಲೆಯೊಂದನ್ನು ಸೇರಿಸಿಯೋ ತೆಗೆದೋ ಮತ್ತೆ ಕೂಡಿಸುತ್ತಿದ್ದ. ಹೀಗೆ ಆರು ಸಲ ಮಾಡಿದ. ಮೂರನೆಯ ದಿನ ಮಧ್ಯಾಹ್ನ ಕಲೆ ಹಲ್ಲಿನ ನಟ್ಟನಡುವೆ, ಅವರೆಕಾಳಿನ ಆಕಾರದಲ್ಲಿ ಬಿತ್ತು. ಮಾಮಾ ಅದನ್ನು ನೋಡಿ ಒಂದು ಕ್ಷಣ ಎಲ್ಲ ಮರೆತವನಂತೆ ನಕ್ಕ, ನಕ್ಕು ಅಪ್ಪನ ಕಡೆ ತಿರುಗಿದ. ಅಪ್ಪ ಧೋತರದ ಮೇಲಿನ ಬೋಲ್ಟುಗಳನ್ನು ಎಣಿಸುತ್ತಿದ್ದ.

ಜೀಪು ಊರ ಹೊರಗಿನ ತನಕ ಹೋಗಿ ಬಂತು. ಒಂದು ಸೊಲ್ಲಿಲ್ಲ. ಕಾಳಪ್ಪ ಮಾಮಾ ಚೀಲ ಹೆಗಲಿಗೇರಿಸಿ, ಆಯಿಗೆ ನಮಸ್ಕಾರ ಮಾಡಿ, ಜೀಪಿನಲ್ಲಿ ಬಿಡುತ್ತೇನೆಂದ ಕಾಕಾನಿಗೆ ಬೇಡವೆಂದು ಕೈ ಮಾಡಿ ನಡೆದುಕೊಂಡೇ ಹೋದ. ಅವನು ನಮ್ಮ ಮನೆಗೆ ಮತ್ತೆ ಬರಲಿಲ್ಲ. ಅಪ್ಪ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಕಂಡವರಿಗೆಲ್ಲ ಮಿಸ್ತ್ರಿ ಸಾಮಾನು ಬದಲಿಸಿದನೆಂಬ ಈ ಕತೆ ಹೇಳಿದ. ಎರಡು ವರ್ಷದೊಳಗೆ ಮಾಮಾ ಸಿಂದಗಿಯ ಗ್ಯಾರೇಜು ಮುಚ್ಚಿ ಇಂಡಿಗೆ ಹೋದನೆಂದು ಸುದ್ದಿ ಬಂತು.

ಒಮ್ಮೆ ನಂಬಿದವನನ್ನೇ ಕಳ್ಳನೆಂದುಕೊಂಡ ಮೇಲೆ ಅಪ್ಪನಿಗೆ ಯಾರ ಮೇಲೆಯೂ ಭರವಸೆ ಉಳಿಯಲಿಲ್ಲ. ಕಾಕಾ ಗಾಡಿ ಒಯ್ದರೆ ಮೈಲಿಯ ಅಂಕಿ ನೋಡುವುದು, ಟಾಯರಿನ ಮಣ್ಣು ಯಾವ ಊರಿನದೆಂದು ನೋಡುವುದು. ಅವ್ವ ತವರಿಗೆ ಹೋಗಿ ಬಂದರೆ ಗಂಟು ಬಿಚ್ಚಿಸುವುದು. ಕಾಕಾ ಒಳಗೊಳಗೇ ಕೊರಗಿದ, ಸಣ್ಣ ಸಣ್ಣ ಮಾತಿಗೂ ಸಿಡಿಯತೊಡಗಿದ. ಕಡೆಗೆ ಒಂದು ದಿನ ಪಡಸಾಲೆಯ ನಡುವೆ ಗೋಡೆ ಎದ್ದಿತು. ಮರುವರ್ಷ ಆಯಿ ತೀರಿಕೊಂಡಳು. ಕಾಕಾ ತನ್ನ ಪಾಲು ಬಿಟ್ಟು ಮುದ್ದೇಬಿಹಾಳ ಸೇರಿದ.

ನಾನು ಬಾಯಿ ಬಿಟ್ಟದ್ದು ಹತ್ತೊಂಬತ್ತನೆಯ ವರ್ಷಕ್ಕೆ. ಸಿಂದಗಿಯ ಕಾಲೇಜಿನಿಂದ ಅಪ್ಪನೊಡನೆ ಜೀಪಿನಲ್ಲಿ ಬರುತ್ತಿದ್ದೆ. ಅವನು ಕಾಕಾನ ಬಗ್ಗೆ ಏನೋ ಅಂದ. ಹತ್ತು ವರ್ಷ ನುಂಗಿಕೊಂಡದ್ದು ತಡೆಯದೆ ಹೊರಗೆ ಬಂತು. ಕಬ್ಬಿನ ಟ್ರಾಲಿ, ಬಾಗೇವಾಡಿ, ಉಳಿ ಸುತ್ತಿಗೆ ಎಲ್ಲ ಹೇಳಿದೆ. ಅಪ್ಪ ಗಾಡಿ ದಂಡೆಗೆ ನಿಲ್ಲಿಸಿದ. ಅವತ್ತೇ ಯಾಕೆ ಹೇಳಲಿಲ್ಲವೆಂದು ನನ್ನ ಮೇಲೆ ಕೂಗುತ್ತಾನೆಂದುಕೊಂಡಿದ್ದೆ. ಅವನು ತೊಗರಿ ಹೊಲದ ಕಡೆ ನೋಡುತ್ತ, “ನಾ ಎಲ್ಲಾರನೂ ಕೇಳಿದೆ. ನಿನ್ನ ಒಬ್ಬಾಕಿನ್ನ ಕೇಳಲಿಲ್ಲ” ಅಂದ. ಮರುದಿನವೇ ನನ್ನನ್ನು ಕರೆದುಕೊಂಡು ಇಂಡಿಗೆ ಹೊರಟ.

ಕಾಳಪ್ಪ ಮಾಮಾ ಬೇರೆಯವರ ಗ್ಯಾರೇಜಿನ ತಗಡಿನ ನೆರಳಲ್ಲಿ ಕುಳಿತು ಬೋಲ್ಟುಗಳನ್ನು ತೊಳೆಯುತ್ತಿದ್ದ. ಕಣ್ಣಿಗೆ ಪರೆ ಬಂದು ದೊಡ್ಡ ಕೆಲಸ ಬಿಟ್ಟಿದ್ದ. ಅಪ್ಪ ಎದುರು ನಿಂತು “ಕಾಳ್ಯಾ” ಅಂದ. ಉಳಿದದ್ದನ್ನು ನಾನೇ ಹೇಳಿದೆ. ಮಾಮಾ ಕೈ ಒರೆಸಿಕೊಂಡು, “ನನಗ ಅವತ್ತ ಗೊತ್ತಾಗಿತ್ತು. ಈ ಹುಡುಗಿ ಮಾರಿ ನೋಡಿದ ಕೂಡಲೇ ಗೊತ್ತಾತು” ಅಂದ.

“ಮತ್ಯಾಕ ಹೇಳಲಿಲ್ಲೋ?”

“ಹೇಳಿದ್ರ ನಿನ್ನ ಮನಿ ಒಡೀತಿತ್ತು.”

“ಒಡದ ಹೋತಲ್ಲೋ” ಅಂದ ಅಪ್ಪ.

ಊಟಕ್ಕೆ ಬಾ ಎಂದು ಅಪ್ಪ ಕರೆದ. ಸುಗ್ಗಿ ಮುಗಿಯಲಿ, ಬರುತ್ತೇನೆ ಎಂದು ಮಾಮಾ ಅಂದ. ಸುಗ್ಗಿ ಮುಗಿಯಿತು, ಅವನು ಬರಲಿಲ್ಲ. ಬೇಸಿಗೆಯಲ್ಲಿ ಅವನು ತೀರಿಹೋದ ಸುದ್ದಿ ಬಂತು. ನಾವು ಇಂಡಿ ಮುಟ್ಟಿದಾಗ ಮನೆಯ ಮುಂದೆ ಮಂದಿ ನೆರೆದಿದ್ದರು. ಮಾಮಾನ ಮಗಳು ನಮ್ಮ ಗುರುತಿಲ್ಲದೆ ಒಂದು ತಂಬಿಗೆ ನೀರು ತಂದು, ಯಾವ ಊರಿನವರೆಂದು ಕೇಳಿ, “ಅಪ್ಪಗ ನೀವು ಏನಾಗಬೇಕ್ರಿ?” ಅಂದಳು. ಅಪ್ಪ ತಂಬಿಗೆ ಇಸಿದುಕೊಂಡು ನಿಂತ. ಸುತ್ತ ಸಿಂದಗಿಯ ಹಳೆಯ ಮಂದಿಯೂ ಇದ್ದರು, ಅಪ್ಪನ ಬಾಯಿಂದ ಆ ಕತೆ ಕೇಳಿದ್ದವರು. ಎಲ್ಲರಿಗೂ ಕೇಳುವಂತೆ ಅಪ್ಪ, “ಮಾಡದ ಕಳವು ಅವನ ಮ್ಯಾಲೆ ಹೊರಿಸಿದಾಂವ ನಾನವ್ವಾ” ಅಂದ.

ಆ ಹೆಣ್ಣುಮಗಳು ಅಪ್ಪನ ಮುಖ ನೋಡಿದಳು. “ನಿಮ್ಮ ಹೆಸರು ಅಪ್ಪ ಹೇಳತಿದ್ನರಿ. ನೀರ ಕುಡೀರಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಅಪ್ಪ ಕುಡಿಯಲಿಲ್ಲ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಕಟ್ಟೆಯ ಮೇಲೆ ಕುಳಿತವನು, ಹೆಣ ಎತ್ತುವ ತನಕ ಅದನ್ನು ಕೆಳಗಿಡಲಿಲ್ಲ.