ಮುಂದಿನ ಸೀಟು

ಒಮಾನಿನ ರೂವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯವರಿಗೆ ತಮ್ಮ ಹಳೆಯ ಅಮೆರಿಕನ್ ಕಾರೆಂದರೆ ಪ್ರಾಣ. "ಈಗಿನವರು ಕೂರುವವರನ್ನು ಕೇಳದೆ ಕಾರು ಮಾಡ್ತಾರಲ್ಲ ಮಾರಾಯ್ರೆ!" ಎಂದು ಬಾನೆಟ್ ಒರೆಸುತ್ತಲೇ ಸಿಡುಕುತ್ತಿದ್ದರು. ಅವರ ಹೆಂಡತಿಗೆ ಒಂದು ಕಾಲು ಮಡಚಲು ಬರುತ್ತಿರಲಿಲ್ಲ. ಆ ಕಾರಿನ ಮುಂದಿನ ಒಂದೇ ಉದ್ದನೆಯ ಸೀಟಿನಲ್ಲಿ ಆಕೆ ಕಾಲು ಚಾಚಿ ಕೂರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅದೇ ಕಂಪನಿಯ ಹೊಸ ಮಾದರಿ ಬಂದಾಗ ಶೋರೂಮಿನವರು ಹಳೆಯ ಗಿರಾಕಿಗಳನ್ನು ಅಭಿಪ್ರಾಯ ಕೇಳಲು ಕರೆದರು. ಗಂಡ ಹೆಂಡತಿಯ ಜೊತೆ ನಾನೂ ಹೋದೆ. ಹೊಸದರಲ್ಲಿ ಮುಂದೆ ಬಿಡಿಬಿಡಿ ಸೀಟು. ಕಾಲು ಚಾಚಲು ಜಾಗವಿಲ್ಲದೆ ಆಕೆಗೆ ಕೂರಲಾಗಲಿಲ್ಲ.

"ಮೇಡಂ ಹಿಂದೆ ಕೂತ್ಕೊಳ್ಳಲಿ ಸಾರ್," ಎಂದ ಮಂಗಳೂರಿನ ಸೇಲ್ಸ್‌ಮನ್.

ಉಡುಪಿಯವರ ಮುಖ ಕೆಂಪಾಯಿತು. "ಇಷ್ಟು ವರ್ಷ ನನ್ನ ಪಕ್ಕ ಕೂತವಳು ಇನ್ನು ಸಾಮಾನಿನ ಹಾಗೆ ಹಿಂದೆಯಾ? ಮುಂದಿನ ಕಾರಿನಲ್ಲಿ ಇವಳಿಗೆ ಜಾಗ ಬೇಕು ಅಂತ ಕಂಪನಿಗೆ ಹೇಳಿ. ಖಲಾಸ್!"

ಒಮಾನ್ ಬಿಡುವವರೆಗೂ ಅವರು ಬೇರೆ ಕಾರು ಕೊಳ್ಳಲಿಲ್ಲ. ಆಕೆ ಅವರ ಪಕ್ಕದಲ್ಲೇ ಕೂತರು.