ಡಿಸ್ಕ್ ಕೋಟಾ ಮತ್ತು ನನ್ನ ರಿಲೀವಿಂಗ್

ಚಿತ್ರದುರ್ಗಕ್ಕೆ ವರ್ಗಾವಣೆ ಆದೇಶ ಬಂದರೂ ನಾನು ಹೊಸದುರ್ಗದ ಕಾಲೇಜಿನಲ್ಲೇ ಕೊಳೆಯುತ್ತಿದ್ದೆ. ನಮ್ಮ ನೌಕರಿಯಲ್ಲಿ ಆದೇಶ ಬಂದರೆ ಸಾಲದು, ಪ್ರಾಂಶುಪಾಲರು ರಿಲೀವ್ ಮಾಡಿ ಬಿಟ್ಟುಕೊಡಬೇಕು. ಅವರಿಗೆ ಮನಸ್ಸಿಲ್ಲ. ನಮ್ಮ ಮನೆ ಇರುವುದೂ, ಮಗಳು ಓದುವುದೂ ಚಿತ್ರದುರ್ಗದಲ್ಲೇ. ಹೊಳಲ್ಕೆರೆ ಮೇಲೆ ಬಸ್ಸು ಹಿಡಿದು ನಾನು ಮನೆ ಸೇರುವಷ್ಟರಲ್ಲಿ ಉಂಡು ಹಾಸಿಗೆ ಸೇರಿರುತ್ತಿದ್ದಳು.

"ಆ ಸರ್ವರ್ ತುಂಬೋದೊಂದು ನಿಲ್ಸಿಕೊಡ್ರಿ ಮೇಡಂ, ಮಾರನೇ ದಿನವೇ ಕಳಿಸ್ತೀನಿ" ಎಂದರು ಪ್ರಾಂಶುಪಾಲರು ಒಮ್ಮೆ.

ನಾನು ನೋಡಿಕೊಳ್ಳುವ ಕಂಪ್ಯೂಟರ್ ಲ್ಯಾಬಿನ ಆ ಲಿನಕ್ಸ್ ಸರ್ವರಿಗೆ ಇರುವುದು ಒಂದೇ ಡಿಸ್ಕು, ಅದರಲ್ಲಿ ಒಂದೇ ಪಾರ್ಟಿಶನ್, ಅಂದರೆ ಒಂದೇ ವಿಭಾಗ. ಸಿಸ್ಟಮ್ಮೂ ಅಲ್ಲೇ, ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಕೆಲಸವೂ ಅಲ್ಲೇ, ಇತಿಹಾಸದ ಮೇಷ್ಟ್ರ ಮೊಮ್ಮಗನ ನಾಮಕರಣದ ವಿಡಿಯೋಗಳೂ ಅಲ್ಲೇ. ಡಿಸ್ಕು ತುಂಬಿದರೆ ಇಡೀ ಲ್ಯಾಬು ನಿಲ್ಲುತ್ತಿತ್ತು. ಮೇಷ್ಟ್ರಿಗೆ ಹೇಳಿದರೆ, "ಕಾಲೇಜಿಂದು ಐತಲ್ಲ, ಇರ್ಲಿ ಬಿಡ್ರಿ" ಅನ್ನುವರು. ಮೈಯೆಲ್ಲ ಉರಿಯುತ್ತಿತ್ತು.

ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂದು ಕೋಟಾ ಹಾಕಲು ಕೂತೆ. ಡಿಸ್ಕುಗಳ ವಿವರವಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದು ರೀಸ್ಟಾರ್ಟ್ ಮಾಡಿದೆ. ಜಪ್ಪಯ್ಯ ಅಂದರೂ ಕೋಟಾ ಚಾಲೂ ಆಗಲಿಲ್ಲ. ಕೊನೆಗೆ ತಿಳಿಯಿತು: ಬೇರೆ ಡಿಸ್ಕಿಗಾದರೆ ಅಷ್ಟು ಸಾಕು, ಸಿಸ್ಟಮ್ ಇರುವ ರೂಟ್ ಪಾರ್ಟಿಶನ್ ಮಾತ್ರ ಆ ಫೈಲು ಓದುವ ಮೊದಲೇ ಮೌಂಟ್ ಆಗಿ, ಅಂದರೆ ಜೋಡಣೆಯಾಗಿ, ಕೂತಿರುತ್ತದೆ, ಆಮೇಲೆ ಹೇಳಿದರೆ ಕೇಳುವುದಿಲ್ಲ. ಮಷೀನು ಬೂಟ್ ಆಗುವಾಗಲೇ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಹೇಳಬೇಕು. ಕರ್ನಲನ್ನು ಎಬ್ಬಿಸುವ ಗ್ರಬ್‌ನ ಸಾಲಿನಲ್ಲಿ ರೂಟ್‌ಫ್ಲಾಗ್ಸ್ ಎಂದು ಸೇರಿಸಿ, ಅದರ ಮುಂದೆ ಕೋಟಾ ಬರೆದು, ಮತ್ತೆ ರೀಸ್ಟಾರ್ಟ್ ಒತ್ತಿದೆ. ಮಷೀನು ಏಳದೇ ಹೋದರೆ ನಿವೃತ್ತಿಯವರೆಗೂ ನಾನು ಇಲ್ಲೇ.

ಎದ್ದಿತು. ಕೋಟಾ ಚಾಲೂ ಆಗಿತ್ತು. ಖುಷಿ ತಡೆಯಲಾರದೆ ಮನೆಗೆ ಫೋನ್ ಮಾಡಿ, "ಇನ್ಮೇಲೆ ಸಂಜೆಗೇ ಬರ್ತೀನಿ ಪುಟ್ಟಿ" ಎಂದುಬಿಟ್ಟೆ.

ಮಾರನೇ ದಿನ ಮೇಷ್ಟ್ರು ಸರ್ವರಿಗೆ ಹಾಕುತ್ತಿದ್ದ ವಿಡಿಯೋ ಜಾಗ ಸಾಲದೆ ಅರ್ಧಕ್ಕೇ ನಿಂತಿತು. ಅವರು ಸೀದಾ ಪ್ರಾಂಶುಪಾಲರ ಕೋಣೆಗೆ ಹೋದರು. ಹಿಂದೆಯೇ ನನಗೂ ಕರೆ ಬಂತು.

"ಕೆಲ್ಸ ಚೆನ್ನಾಗೈತೆ ಮೇಡಂ" ಎಂದರು ಪ್ರಾಂಶುಪಾಲರು. "ಆದ್ರೆ ಆ ಕೋಟಾನ ಹೆಚ್ಚುಕಮ್ಮಿ ಮಾಡೋಕೆ ನಿಮಗೊಬ್ರಿಗೇ ಬರೋದು. ನೀವು ಹೋದ್ರೆ ಇಲ್ಲಿ ಯಾರಿದಾರ್ರೀ? ಇದೊಂದು ವರ್ಷ ಇರ್ರಿ."

ನಾನೇ ಕೈಯಾರೆ ನನ್ನನ್ನು ಕಟ್ಟಿಹಾಕಿಕೊಂಡಿದ್ದೆ. ಲ್ಯಾಬಿಗೆ ಬಂದರೆ, ಮೇಷ್ಟ್ರು ಬೆನ್ನಿಗೇ ಬಂದು ಕುರ್ಚಿ ಎಳೆದುಕೊಂಡರು. "ನಂದೊಂಚೂರು ಜಾಸ್ತಿ ಮಾಡ್ರಮ್ಮ."

ಮಾಡಿಕೊಟ್ಟೆ. ಅವರು ಖುಷಿಯಿಂದ ಮೊಮ್ಮಗನನ್ನು ತೋರಿಸಿದರು. ತೊಟ್ಟಿಲ ಸುತ್ತ ಮನೆಯವರೆಲ್ಲ ಇದ್ದರು. ಮಗು ಮುದ್ದಾಗಿತ್ತು. ಅವರೆದುರೇ ನನಗೆ ಅಳು ಬಂದುಬಿಟ್ಟಿತು.