ಖಣದ ನಜೀರಸಾಬನ ಸುತ್ತುದಾರಿ

ಗಂಟೆ ಬಾರಿಸಿತು, ಮಗು ತಿರುಗಿ ನೋಡಲಿಲ್ಲ.

ಆ ಬೇಸಿಗೆಯುದ್ದಕ್ಕೂ ಶಾರವ್ವನ ತಲೆಯಲ್ಲಿ ಇದೊಂದೇ ಕೂತಿತ್ತು. ರೊಟ್ಟಿ ಬಡಿಯುವಾಗಲೂ ಅದೇ, ಕೊಡ ತುಂಬುವಾಗಲೂ ಅದೇ. ರವಿಕೆಯ ಖಣ ಮಾರುವ ನಜೀರಸಾಬ ಬಾದಾಮಿಯ ಆ ಓಣಿಗೆ ಬಂದನೆಂದರೆ ಅವನ ಸೈಕಲ್ಲಿನ ಹಿತ್ತಾಳೆ ಗಂಟೆ ಓಣಿಯ ಆಚೆ ತುದಿಗೂ ಕೇಳುತ್ತಿತ್ತು. ಮಲಗಿದ ನಾಯಿ ಏಳುತ್ತಿತ್ತು, ಕೋಳಿಗಳು ಚೆದುರುತ್ತಿದ್ದವು, ಪಕ್ಕದ ಮನೆಯ ಕೂಸು ಬೆಚ್ಚಿ ಬಾಯಿ ತೆಗೆಯುತ್ತಿತ್ತು. ಅವಳ ಮಗ ಮುತ್ತು ಮಾತ್ರ ಹೊಸ್ತಿಲ ಒಳಗೆ ಕೂತು ಕಟ್ಟಿಗೆಯ ಸೌಟು ಚೀಪುತ್ತಿದ್ದ.

"ಎಂಥ ಶಾಂತ ಕೂಸು ನೋಡ," ಎನ್ನುತ್ತಿದ್ದಳು ಅತ್ತೆ ಲಗಮವ್ವ. "ನಮ್ಮ ಗುರಲಿಂಗ ಹಿಂಗಿದ್ದಿಲ್ಲವಾ. ಇಡೀ ಓಣಿ ಎಬ್ಬಸ್ತಿದ್ದ."

ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಕಾಲೇಜಿನ ಮೆಟ್ಟಿಲನ್ನೂ ಒಂದು ವರ್ಷ ಹತ್ತಿ ಬಂದವಳು ಶಾರವ್ವ. ಯಾವ ತಿಂಗಳಿಗೆ ಕೂಸು ಸದ್ದಿಗೆ ಕತ್ತು ಹೊರಳಿಸಬೇಕು ಎಂದು ಓದಿದ್ದಳು. ಅತ್ತೆ ಹಿತ್ತಲಿಗೆ ಹೋದಾಗ ಮಗುವಿನ ಬೆನ್ನ ಹಿಂದೆ ನಿಂತು ಊಟದ ತಾಟು ಬಾರಿಸುತ್ತಿದ್ದಳು. ಒಮ್ಮೆ ಅವನು ಥಟ್ಟನೆ ತಿರುಗಿದ. ಅವತ್ತೆಲ್ಲ ಅವಳ ಮೈ ಹಗುರಾಗಿತ್ತು. ಮರುದಿನ ಗೊತ್ತಾಯಿತು: ಬಾಗಿಲ ಬೆಳಕಿಗೆ ಅಡ್ಡ ನಿಂತಿದ್ದ ಅವಳ ನೆರಳು ಅವನ ಮುಂದೆ ಬಿದ್ದಿತ್ತು, ಅಷ್ಟೇ. ಅವಳಿಗೆ ಅಳು ಬರಲಿಲ್ಲ. ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡು ಹೋಗುತ್ತಿದ್ದವು. ಅವಳು ಅವುಗಳ ಹಿಂದೆ ಹಿಂದೆ ನಡೆಯುತ್ತಿದ್ದಳು.

ಗಂಡ ಗುರಲಿಂಗಪ್ಪ ಶಿರೂರಿನ ಕಡೆ ರಸ್ತೆ ಕೆಲಸದ ಮೇಲಿದ್ದ. ಐತವಾರ ಬಂದವನು ಉಂಡು ಮಲಗಿ ಸೋಮವಾರ ಹೊರಡುತ್ತಿದ್ದ. ಅವನಿಗೆ ಹೇಳಲಿಲ್ಲ. ಬಾಯಿಂದ ಆಡಿದರೆ ಅದು ಖರೆ ಆಗಿಬಿಡುತ್ತದೆ ಎಂಬ ಅಂಜಿಕೆ.

ಹೇಳಬೇಕಾದವಳು ಒಬ್ಬಳಿದ್ದಳು. ದುರಗವ್ವ, ಅವಳ ದೊಡ್ಡಮ್ಮನ ಮಗಳು, ಅಮೀನಗಡದ ದವಾಖಾನೆಯಲ್ಲಿ ನರ್ಸು. ಅಮೀನಗಡಕ್ಕೆ ಬಸ್ಸಿತ್ತು. ಬಾದಾಮಿಯ ಅಂಚೆ ಕಚೇರಿಯಲ್ಲಿ ಫೋನೂ ಇತ್ತು. ಶಾರವ್ವ ಅವೆರಡನ್ನೂ ಬಿಟ್ಟು ನಜೀರಸಾಬನ ಸೈಕಲ್ಲನ್ನು ಆರಿಸಿಕೊಂಡಳು. ಅದು ನಿಧಾನ ಎನ್ನುವುದೇ ಅದಕ್ಕೆ ಕಾರಣ.

ನಜೀರಸಾಬ ಗುಳೇದಗುಡ್ಡದವನು. ಹರೆಯದಲ್ಲಿ ಅಪ್ಪನ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯ್ದವನು. ಕತ್ತಲ ಕೋಣೆ ಸಾಕಾಗಿ ಎದ್ದು ಬಂದ. "ಅಲ್ಲೂ ಕಾಲಲೇ ತುಳೀಬೇಕು, ಇಲ್ಲೂ ಕಾಲಲೇ ತುಳೀಬೇಕು," ಎನ್ನುತ್ತಿದ್ದ. "ಇಲ್ಲಿ ತುಳಿದರ ಊರಾದರೂ ಬದಲಾಗ್ತಾವ." ಕ್ಯಾರಿಯರ್ ಮೇಲೆ ತಗಡಿನ ಟ್ರಂಕು, ಅದರ ಮೇಲೆ ಮೇಣಗಪ್ಪಡದಲ್ಲಿ ಸುತ್ತಿದ ಗಂಟು. ಗುಡ್ಡವನ್ನು ಒಂದು ಸುತ್ತು ಹಾಕುವುದೇ ಅವನ ವ್ಯಾಪಾರ. ಗುಳೇದಗುಡ್ಡ ಬಿಟ್ಟು ಅಮೀನಗಡ, ಐಹೊಳೆ, ಅಲ್ಲಿಂದ ಹೊಳೆ ದಂಡೆ ಹಿಡಿದು ಪಟ್ಟದಕಲ್ಲು, ಆಮೇಲೆ ಬನಶಂಕರಿಯ ಹೊಂಡದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ಕೊನೆಗೆ ಬಾದಾಮಿ. ಮತ್ತೆ ಮನೆ. ಕೆಂಪು ಕಲ್ಲಿನ ಗುಡ್ಡ ಸದಾ ಬಲಗೈಗೆ. ಒಮ್ಮೆ ಇಳಿಜಾರಿನಲ್ಲಿ ಬ್ರೇಕು ಹರಿದು ಬಿದ್ದು ಮುಂದಿನ ಹಲ್ಲೆರಡು ಹೋದ ಮೇಲೆ ಏರಿಗೂ ಇಳಿದು ತಳ್ಳುತ್ತಿದ್ದ, ಇಳಿಜಾರಿಗೂ ಇಳಿದು ಹಿಡಿಯುತ್ತಿದ್ದ. ಹೆಂಡತಿ ಜೈನಬಿ ನಗುತ್ತಿದ್ದಳಂತೆ: "ಇವರು ಸೈಕಲ್ ಮ್ಯಾಲ ಹೋಗೂದಿಲ್ಲ, ಸೈಕಲ್ಲನ್ನ ತಿರಗಾಡ್ಸಾಕ ಕರಕೊಂಡು ಹೋಗ್ತಾರ."

ಖಣದ ಜೊತೆ ಅವನು ಸುದ್ದಿಯನ್ನೂ ಒಯ್ಯುತ್ತಿದ್ದ. ಐಹೊಳೆಯಲ್ಲಿ ಬಸುರಿ ಮಗಳಿಗೆ ಕುಬಸದ ಕಾರ್ಯ ಇದೆ, ಪಟ್ಟದಕಲ್ಲಿನಲ್ಲಿ ಎಮ್ಮೆ ಈದಿದೆ, ತಂಗಿಗೆ ಗಂಡು ಹುಟ್ಟಿದೆ. ಹೆಂಗಸರು ಅವನ ಬಾಯಿಗೆ ಹಾಕುತ್ತಿದ್ದರು, ಅವನು ಮುಂದಿನ ಊರಲ್ಲಿ ಇಳಿಸುತ್ತಿದ್ದ. ಆದರೆ ಸಾವಿನ ಸುದ್ದಿ, ಬೇನೆಯ ಸುದ್ದಿ ಒಯ್ಯುತ್ತಿರಲಿಲ್ಲ. ಬಸುರಿಯ ಉಡಿಗೆ ಹಾಕುವ ಬಟ್ಟೆ, ಅದರ ಮಗ್ಗುಲಲ್ಲಿ ಅಂಥದ್ದು ಕೂಡಬಾರದು ಎಂದು ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ಊರವರಿಗೆಲ್ಲ ಅದು ಗೊತ್ತಿತ್ತು. ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ಅವತ್ತು ಲಗಮವ್ವ ಕಟ್ಟೆಯ ಮೇಲೆ ಖಣ ಹರವಿಕೊಂಡು ಕೂತಿದ್ದಳು.

"ಏನೋ ನಜೀರಣ್ಣ, ಬಣ್ಣ ನೋಡಿದರ ಒಂದ ತೊಳತಕ್ಕ ಹೋಗೂವಂಗೈತಿ."

"ಲಗಮಕ್ಕ, ನೀ ಹೋಗಬೇಕು, ಈ ಬಣ್ಣ ಹೋಗೂದಿಲ್ಲ."

"ನಿನ್ನ ಬಾಯಾಗ ಹುಳಾ ಬೀಳ್ಲಿ! ಎರಡು ಹಲ್ಲ ಹೋದರೂ ಮಾತ ಕಡಿಮಿ ಆಗಲಿಲ್ಲ ನೋಡು."

ಅತ್ತೆ ಚಹಾ ತರಲು ಒಳಗೆ ಹೋದಳು. ಶಾರವ್ವ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊಸ್ತಿಲಿಗೆ ಬಂದಳು.

"ಕಾಕಾ, ಅಮೀನಗಡ ದವಾಖಾನಿಯೊಳಗ ನಮ್ಮ ದುರಗಕ್ಕ ಇದ್ದಾಳಲ್ರಿ. ಒಂದ ಮಾತ ಹೇಳ್ತೀರೇನು?"

"ಹೇಳ್ತೇನಿ ತಾಯಿ. ಏನಂತ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಅವನು ಕೈಮುಗಿದು ಬೇರೆ ಯಾರಿಗಾದರೂ ಹೇಳು ಎಂದಾನು. "ಮುತ್ತು ಭಾಳ ಶಾಂತ ಇರ್ತಾನ ಅಂತ ಹೇಳ್ರಿ. ಏನ ಸಪ್ಪಳ ಆದರೂ ಅಳೂದಿಲ್ಲ, ಸುಮ್ಮನ ಆಡ್ತಾನ ಅಂತ."

"ಅಯ್, ಬಂಗಾರದಂಥ ಸುದ್ದಿ!" ಎಂದು ನಜೀರಸಾಬ ಮಗುವಿನ ಗಲ್ಲ ಮುಟ್ಟಿ, ಖುಷಿಗೆ ಗಂಟೆಯನ್ನು ಎರಡು ಸಲ ಬಾರಿಸಿದ. ಮುತ್ತು ಅವನ ಗಡ್ಡ ನೋಡುತ್ತಿದ್ದ.

ಸೈಕಲ್ಲು ಹೋಯಿತು. ಶಾರವ್ವ ಮನಸ್ಸಿನಲ್ಲೇ ಅದರ ಹಿಂದೆ ಹೋದಳು. ಅಮೀನಗಡ ಬೇಗ ಬರುತ್ತದೆ, ನಿಜ. ಆದರೆ ಉತ್ತರ ಬರಬೇಕಾದರೆ ಅವನು ಐಹೊಳೆ ದಾಟಬೇಕು, ಪಟ್ಟದಕಲ್ಲಿನಲ್ಲಿ ಖಣ ಬಿಚ್ಚಬೇಕು, ಬನಶಂಕರಿಯಲ್ಲಿ ಉಣ್ಣಬೇಕು. ಪೂರ್ತಿ ಒಂದು ಸುತ್ತು. ಕಾರಹುಣ್ಣಿಮೆ ಮುಗಿದರೂ ಮುಗಿದೀತು. ಅಲ್ಲಿಯವರೆಗೆ ಯಾರೂ ಏನೂ ಹೇಳುವುದಿಲ್ಲ, ಅವಳೂ ಏನೂ ಮಾಡಬೇಕಿಲ್ಲ. ಅವಳು ಆ ಸುತ್ತಿನೊಳಗೆ ಮುಸುಕು ಹೊದ್ದು ಮಲಗಿದವಳಂತೆ ಇದ್ದುಬಿಟ್ಟಳು. ಮಗುವಿಗೆ ಎರೆದಳು, ಉಣಿಸಿದಳು, ಕಣ್ಣಿಗೆ ಕಾಡಿಗೆ ಹಚ್ಚಿದಳು. ಯಾರದೋ ಕೂಸನ್ನು ಆಡಿಸುತ್ತಿರುವ ಹಾಗೆ. ತಾಟು ಬಾರಿಸುವುದನ್ನು ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಬಾಗಿಲು ಬಡಿಯಿತು, ಅಂಗಳದ ಬಟ್ಟೆ ಹಾರಿ ಬೇವಿನ ಮರಕ್ಕೆ ಸಿಕ್ಕಿತು. ಲಗಮವ್ವ ಮುಖವೆತ್ತಿ ನೋಡಿ, "ಗಾಳಿ ತಿರುಗಿತು. ಇನ್ನ ನಜೀರನೂ ತಿರುಗ್ತಾನ," ಎಂದಳು. ಶಾರವ್ವ ಅದನ್ನು ಕೇಳಿಸಿಕೊಂಡರೂ ತಲೆಗೆ ಹಾಕಿಕೊಳ್ಳಲಿಲ್ಲ. ಬಾದಾಮಿಯಲ್ಲಿ ಅವಳಿಗದು ಮೊದಲ ಮಳೆಗಾಲ. ಹೋದ ವರ್ಷ ಈ ಹೊತ್ತಿಗೆ ಬಸುರಿಯಾಗಿ ತವರಲ್ಲಿದ್ದಳು.

ಮರುದಿನ, ಗಾಳಿ ಇನ್ನೂ ಇಳಿಯುವ ಮೊದಲೇ ಓಣಿಯಲ್ಲಿ ಗಂಟೆ ಬಾರಿಸಿತು.

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಜೀರಸಾಬ ಮೈಯೆಲ್ಲ ಧೂಳಾಗಿ ನಿಂತಿದ್ದ. ಅವನು ಬನಶಂಕರಿಯ ಕಡೆಯಿಂದ ಬಂದಿರಲಿಲ್ಲ. ಗುಳೇದಗುಡ್ಡದ ಕಡೆಯಿಂದ ಬಂದಿದ್ದ.

"ಇಷ್ಟ ಲಗೂ ಹೆಂಗ ಬಂದ್ರಿ ಕಾಕಾ? ಸುತ್ತ ಮುಗೀತೇನು?"

"ಎಲ್ಲೀ ಸುತ್ತ! ಅಮೀನಗಡದಾಗ ಇದ್ದೆ, ಗಾಳಿ ಎದ್ದಿತು. ಹೊಳಿ ದಂಡಿ ಬಯಲಾಗ ಅದಕ್ಕ ಎದಿ ಕೊಟ್ಟ ತುಳಿಯಾಕ ಆಗತೈತೇನು ತಾಯಿ? ಬಂದ ದಾರಿಗಾದರ ಗುಡ್ಡ ಗಾಳಿಗೆ ಅಡ್ಡ ಇರತೈತಿ, ಅದನ್ನ ಹಿಡಿದೆ. ಇನ್ನ ಮಳಿ ಮುಗಿಯೂತನ ಉಲ್ಟಾ ಸುತ್ತು. ಬಾದಾಮಿ ಮೊದಲ, ಅಮೀನಗಡ ಕಡೀಕ. ಗಾಳಿ ಬೆನ್ನಿಗಿದ್ದರ ಸೈಕಲ್ಲು ತಾನ ಹೋಗತೈತಿ."

ಲಗಮವ್ವ ಒಳಗಿನಿಂದಲೇ ನಕ್ಕಳು. "ಅಷ್ಟೂ ಗೊತ್ತಿಲ್ಲೇನು ನಮ್ಮ ಹುಬ್ಬಳ್ಳಿ ಸೊಸಿಗೆ?"

ಶಾರವ್ವ ಚೌಕಟ್ಟು ಹಿಡಿದುಕೊಂಡಳು. ಅವಳು ಲೆಕ್ಕ ಹಾಕಿಕೊಂಡಿದ್ದ ಊರುಗಳು ಒಂದೊಂದಾಗಿ ಹೋಗಿಬಿಟ್ಟವು.

ನಜೀರಸಾಬ ಈ ಸಲ ಟ್ರಂಕು ಇಳಿಸಲಿಲ್ಲ. ದನಿ ತಗ್ಗಿಸಿದ. "ನಿಮ್ಮ ಅಕ್ಕಾರಿಗೆ ಹೇಳಿದೆ ತಾಯಿ. ಖುಷಿ ಪಡ್ತಾರ ಅಂತ ಮಾಡಿದ್ದೆ. ಅವರು ಕೈಯಾಗಿಂದು ಅಲ್ಲೇ ಇಟ್ಟು ಕುರ್ಚಿ ಮ್ಯಾಲ ಕುಂತರು. ಇನ್ನೊಮ್ಮೆ ಹೇಳ್ರಿ ಅಂದರು, ಹೇಳಿದೆ. ಆಮ್ಯಾಲ ಅಂದರು, ಆಕಿಗೆ ತಾಟು ಬಾರಿಸೂದು ಬಿಡು ಅನ್ರಿ, ನನಗ ಫೋನ್ ಮಾಡು ಅನ್ರಿ, ನಾ ಡಾಕ್ಟರ ಟೇಬಲ್ ಕಡೆ ಫೋನಿನ ಮುಂದ ಕುಂತಿರ್ತೇನಿ ಅನ್ರಿ, ಅಂತ."

ತಾಟಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

ನಜೀರಸಾಬ ಮಗುವಿನ ಕಡೆ ನೋಡಿದ. ಗಂಟೆಯ ಮೇಲೆ ಹೆಬ್ಬೆರಳಿಟ್ಟ. ಬಾರಿಸಲಿಲ್ಲ.

"ನಾ ಒಯ್ದದ್ದು ಎಂಥ ಸುದ್ದಿ ತಾಯಿ?"

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಅವನು ಸ್ಟ್ಯಾಂಡು ತೆಗೆದ. "ಇರಲಿ. ಒಯ್ದದ್ದು ಒಯ್ದಾತು. ಅಂಚಿ ಕಚೇರಿ ಮುಂದ ಹಾದು ಹೊಂಟೇನಿ. ಬರ್ರಿ."

ಅವನು ಸೈಕಲ್ಲು ತಳ್ಳಿಕೊಂಡು ನಡೆದ. ಅವಳು ಮಗುವನ್ನು ಎತ್ತಿಕೊಂಡು ಹಿಂದೆ ನಡೆದಳು. ಅಂಚೆ ಕಚೇರಿಯ ಮೆಟ್ಟಿಲು ಬಂದಿತು. ಅಲ್ಲಿಂದ ಅವನು ಬನಶಂಕರಿಯ ದಾರಿ ಹಿಡಿದ.

ಟ್ರಂಕ್ ಕಾಲ್ ಹಚ್ಚಿಸಿ ಬೆಂಚಿನ ಮೇಲೆ ಕೂತಳು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು, ಅದನ್ನು ಕೆರೆದು ಕೆರೆದು ತೆಗೆದಳು. ಅಮೀನಗಡ ಸಿಕ್ಕಿತು ಎಂದು ಕರೆದರು.

"ಅಕ್ಕಾ, ನಾ ಶಾರಿ."

ತಂತಿಯಲ್ಲಿ ಗಾಳಿಯದೇ ಸದ್ದು. "ಜೋರಾಗಿ ಹೇಳ ತಂಗಿ! ಏನೂ ಕೇಳವಲ್ದು!"

"ಅಕ್ಕಾ, ಮುತ್ತು..."

"ಇನ್ನೂ ಜೋರು!"

ಗೋಡೆಗೂ ಪಿಸುಗುಟ್ಟದೆ ಇಟ್ಟುಕೊಂಡಿದ್ದನ್ನು ಅವಳು ಗಂಟಲು ಹರಿಯುವಂತೆ ಕೂಗಿದಳು.

"ಮುತ್ತೂಗ ಕಿವಿ ಕೇಳ್ಸೂದಿಲ್ಲ ಅಕ್ಕಾ!"

ಅಂಚೆ ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದ್ರೆ ಒತ್ತುತ್ತಿದ್ದವನ ಕೈ ನಿಂತಿತು. ಸೊಂಟದ ಮೇಲಿದ್ದ ಮುತ್ತು ಅವಳ ತಾಳಿಯ ಮಣಿಗಳನ್ನು ಒಂದೊಂದಾಗಿ ಸರಿಸುತ್ತಿದ್ದ.

"ಆತು," ಎಂದಳು ಆ ಕಡೆಯಿಂದ ದುರಗವ್ವ. "ಈಗ ಮೊದಲಿಂದ ಹೇಳು."